ಯಂತ್ರಕ್ಕೆ ಬರೆದ ಏಣಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಮೇಲೆ ಮಾನ್ವಿ ಭತ್ತದ ಸೀಮೆಯಾಯಿತು. ಅಲ್ಲಿನ ಒಂದು ರೈಸ್ ಮಿಲ್ಲಿನಲ್ಲಿ ಪಾಲಿಶ್ ಯಂತ್ರ ದಿಢೀರನೆ ನಿಂತಿತೆನ್ನಿ. ಅದರ ಹಿಂದೆ ಹೊಟ್ಟು ಬಿಡಿಸುವ ಯಂತ್ರ, ಅದಕ್ಕೂ ಹಿಂದಿನ ಎಲಿವೇಟರು ಕೂಡಲೇ ನಿಲ್ಲಬೇಕು. ಇಲ್ಲವಾದರೆ ಧಾನ್ಯ ಕಟ್ಟಿಕೊಂಡು ಬೆಲ್ಟು ಹರಿಯುತ್ತದೆ. 'ಇದು ಓಡಿದರೆ ಮಾತ್ರ ಅದು ಓಡಲಿ' ಎಂಬ ಈ ಕಟ್ಟಳೆಯನ್ನು ಒಂದು ಕಾಲದಲ್ಲಿ ರಿಲೇಗಳೆಂಬ ವಿದ್ಯುತ್ ಸ್ವಿಚ್ಚುಗಳೇ ಪಾಲಿಸುತ್ತಿದ್ದವು. ಕಟ್ಟಳೆ ಬದಲಾದರೆ ತಂತಿಗಳನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಬೇಕಿತ್ತು.

ಈ ರಗಳೆಗೆ ಮೊದಲು ಬೇಸತ್ತವರು ಅಮೆರಿಕದ ಕಾರು ತಯಾರಕರು. ಮಾದರಿ ಬದಲಾದಾಗಲೆಲ್ಲ ರಿಲೇ ಫಲಕಗಳನ್ನು ಹೊಸದಾಗಿ ಕಟ್ಟಬೇಕಾಗಿದ್ದ ಜನರಲ್ ಮೋಟಾರ್ಸ್, 1968ರಲ್ಲಿ ಪರ್ಯಾಯ ಕೇಳಿತು. ಡಿಕ್ ಮಾರ್ಲಿ ಮತ್ತು ಸಂಗಡಿಗರು ರೂಪಿಸಿದ 'ಮೋಡಿಕಾನ್ 084' ಮರುವರ್ಷ ಬಂತು. ತಂತಿಗಳ ಜಾಗದಲ್ಲಿ ಯಂತ್ರದ ನೆನಪಿನಲ್ಲಿಟ್ಟ ಆದೇಶಗಳು ಕೆಲಸ ಮಾಡತೊಡಗಿದವು. ಇಂದಿನ ಪಿ.ಎಲ್.ಸಿ.ಗಳ ಮೂಲ ಅದು.

ನಿಜವಾದ ಜಾಣತನವಿದ್ದುದು ಆ ಆದೇಶ ಬರೆಯುವ ಬಗೆಯಲ್ಲಿ. ಕಂಪ್ಯೂಟರ್ ಭಾಷೆ ಕಲಿಯಿರೆಂದು ಎಲೆಕ್ಟ್ರಿಷಿಯನ್ನರಿಗೆ ಯಾರೂ ಹೇಳಲಿಲ್ಲ. ಅವರು ದಿನವೂ ನೋಡುತ್ತಿದ್ದ ರಿಲೇ ನಕ್ಷೆಯೇ ಭಾಷೆಯಾಯಿತು. ಎಡಬಲಕ್ಕೆ ಎರಡು ಕಂಬ, ನಡುವೆ ಮೆಟ್ಟಿಲು, ಹೆಸರೂ 'ಲ್ಯಾಡರ್'. ಮೆಟ್ಟಿಲಿನ ಸಂಪರ್ಕಗಳೆಲ್ಲ ಕೂಡಿದರೆ ತುದಿಯ ಮೋಟಾರು ಚಾಲೂ. ಮಿಲ್ಲಿನ ಕಟ್ಟಳೆಗೆ ಇಷ್ಟು ಸಾಕು.

ರಾಯಚೂರಿನ ಶಕ್ತಿನಗರದಲ್ಲಿ ಸಾಲದು. 1985ರಲ್ಲಿ 210 ಮೆಗಾವಾಟ್‌ನ ಒಂದು ಘಟಕದಿಂದ ಆರಂಭವಾಗಿ ಎಂಟು ಘಟಕ, 1,720 ಮೆಗಾವಾಟ್‌ಗೆ ಬೆಳೆದ ಉಷ್ಣ ವಿದ್ಯುತ್ ಸ್ಥಾವರ ಅಲ್ಲಿದೆ. ಅಂಥ ಬಾಯ್ಲರಿಗೆ ಬೆಂಕಿ ಕೊಡುವುದು ಒಲೆ ಹೊತ್ತಿಸಿದಂತಲ್ಲ. ಮೊದಲು ಗಾಳಿ ಹಾಯಿಸಿ, ಉರಿಯದೆ ಉಳಿದ ಇಂಧನವನ್ನು ಹೊರದೂಡಬೇಕು. ಆಮೇಲೆ ಎಣ್ಣೆಯ ಜ್ವಾಲೆ. ಅದು ನಿಂತಿದೆಯೆಂದು ಖಾತ್ರಿಯಾದ ಮೇಲಷ್ಟೇ ಕಲ್ಲಿದ್ದಲ ಪುಡಿ. ಕ್ರಮ ತಪ್ಪಿದರೆ ಸ್ಫೋಟವೇ ಆದೀತು. ದೊಡ್ಡ ಸ್ಥಾವರಗಳಲ್ಲಿ ಇದಕ್ಕೆ ಪಿ.ಎಲ್.ಸಿ.ಗಿಂತ ಹಿರಿದಾದ ವ್ಯವಸ್ಥೆಗಳೂ ಇರುತ್ತವೆ. ತರ್ಕ ಮಾತ್ರ ಅದೇ. ಇಂಥ ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುವ 'ಗ್ರಾಫ್‌ಸೆಟ್' ವಿಧಾನ 1977ರಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡಿತು. ಯಂತ್ರ ಯಾವ ಹೆಜ್ಜೆಯಲ್ಲಿ ಸಿಕ್ಕಿಕೊಂಡಿದೆ ಎಂಬುದು ಅದರಲ್ಲಿ ಒಂದೇ ನೋಟಕ್ಕೆ ಕಾಣುತ್ತದೆ.

ಇನ್ನು ದೇವದುರ್ಗದ ಹೊಲಗಳಿಗೆ ನೀರು ಬರುವುದು ನಾರಾಯಣಪುರ ಬಲದಂಡೆ ಕಾಲುವೆಯಿಂದ. ಅದೇ ಜಲಾಶಯದ ಎಡದಂಡೆ ಕಾಲುವೆಯ ಆಧುನೀಕರಣ ಯೋಜನೆ 2023ರ ಜನವರಿಯಲ್ಲಿ ಕೊಡೇಕಲ್ಲಿನಲ್ಲಿ ಉದ್ಘಾಟನೆಯಾಯಿತು. ಗೇಟುಗಳ ಸ್ವಯಂಚಾಲನೆಯೂ ಅದರಲ್ಲಿ ಸೇರಿತ್ತು. ಗೇಟು ಎಷ್ಟು ಎತ್ತಬೇಕೆಂಬುದು ನೀರಿನ ಮಟ್ಟ, ಹರಿವುಗಳ ಗಣಿತ. ಗಣಿತವನ್ನು ಏಣಿಯಲ್ಲಿ ಬರೆಯಹೊರಟರೆ ಗೋಜಲು. ಸೂತ್ರವನ್ನು ಸೂತ್ರವಾಗಿಯೇ ಬರೆಯುವ 'ಸ್ಟ್ರಕ್ಚರ್ಡ್ ಟೆಕ್ಸ್ಟ್' ಅಲ್ಲಿ ಹಗುರ.

1993ರ ಅಂತರರಾಷ್ಟ್ರೀಯ ಮಾನದಂಡ ಇಂಥ ಐದು ವಿಧಾನಗಳಿಗೆ ಮನ್ನಣೆ ಕೊಟ್ಟಿತು. ಅವುಗಳಲ್ಲೊಂದಾದ 'ಇನ್‌ಸ್ಟ್ರಕ್ಷನ್ ಲಿಸ್ಟ್' ಮುಂದೆ ಬೇಡವೆಂದು 2013ರ ಆವೃತ್ತಿ ಹೇಳಿತು. ಹಳೆಯ ಏಣಿ ಮಾತ್ರ ಅಲುಗಾಡಿಲ್ಲ.

ಕಾರಣ ಹುಡುಕಲು ಮತ್ತೆ ಮಿಲ್ಲಿಗೇ ಹೋಗಬೇಕು. ಪ್ರೋಗ್ರಾಂ ಬರೆದ ಎಂಜಿನಿಯರು ಕೆಲಸ ಮುಗಿಸಿ ಊರಿಗೆ ಹೋಗಿರುತ್ತಾರೆ. ನಡುರಾತ್ರಿ ಯಂತ್ರ ನಿಂತರೆ ಇರುವುದು ಐ.ಟಿ.ಐ. ಓದಿದ ಎಲೆಕ್ಟ್ರಿಷಿಯನ್ ಒಬ್ಬನೇ. ಏಣಿಯಾದರೆ ಯಾವ ಸಂಪರ್ಕ ಕೂಡಿಲ್ಲವೆಂದು ಆತ ಬೆರಳಿಟ್ಟು ತೋರಿಸಬಲ್ಲ. ಸಾಲುಸಾಲು ಸೂತ್ರವಿದ್ದರೆ ಫೋನು ಹಚ್ಚಬೇಕು. ಪ್ರೋಗ್ರಾಂಗೆ ಪಾಸ್‌ವರ್ಡ್ ಹಾಕಿ ಹೋಗಿದ್ದರಂತೂ ಏಣಿಯೂ ಕಾಣದು. ಸುಗ್ಗಿಯ ದಿನಗಳಾದರೆ ಹೊರಗೆ ಭತ್ತದ ಲಾರಿಗಳು ಸಾಲುಗಟ್ಟಿರುತ್ತವೆ.