ಪುಣೆಯ ಮಾಹಿತಿ ಪೀಠ

2005ರ ಅಕ್ಟೋಬರ್ 12ರಂದು ಮಾಹಿತಿ ಹಕ್ಕಿನ ಅಧಿನಿಯಮವು ಜಾರಿಗೆ ಬಂದ ದಿನವೇ ದೇಶದ ಮೊದಲ ಅರ್ಜಿಯು ಪುಣೆಯ ಪೊಲೀಸ್ ಠಾಣೆಯೊಂದರಲ್ಲಿ ಸಲ್ಲಿಕೆಯಾಯಿತೆಂಬುದು ಆ ನಗರದ ಅಭಿಮಾನದ ಮಾತು. 2002ರಲ್ಲಿಯೇ ಮಹಾರಾಷ್ಟ್ರವು ಇಂತಹುದೊಂದು ಶಾಸನವನ್ನು ಪಡೆದಿದ್ದುದರಿಂದ ಅಲ್ಲಿಯ ಜನಕ್ಕೆ ಈ ವಿದ್ಯೆ ಹೊಸತೇನೂ ಆಗಿರಲಿಲ್ಲ. ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪು ಅಂಟಿಸಿದ ಅರ್ಜಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಇಲಾಖೆಯ ಮೇಲಧಿಕಾರಿಗೆ ಮನವಿ, ಅಲ್ಲಿಯೂ ನ್ಯಾಯ ದೊರೆಯದಿದ್ದರೆ 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗದ ಪುಣೆಯ ಪೀಠಕ್ಕೆ ದ್ವಿತೀಯ ಮೇಲ್ಮನವಿ. ತಪ್ಪಿತಸ್ಥ ಅಧಿಕಾರಿಗೆ ದಿನಕ್ಕೆ 250ರಂತೆ 25,000 ರೂಪಾಯಿಯವರೆಗೆ ದಂಡ ವಿಧಿಸಬಲ್ಲ ಇಂತಹ ಪೀಠದ ನಿಜವಾದ ಕಷ್ಟವು, ನನ್ನ ಎಣಿಕೆಯಲ್ಲಿ, ದಂಡದಲ್ಲಿರದೆ, ಯಾವ ಮಾಹಿತಿಯನ್ನು ಕೊಡಬೇಕಿಲ್ಲವೆಂದು ಹೇಳುವ ಅಧಿನಿಯಮದ ಎಂಟನೆಯ ಕಲಮಿನಲ್ಲಿದೆ: ಸರ್ಕಾರಿ ನೌಕರನ ಆಸ್ತಿವಿವರವು ಸಾರ್ವಜನಿಕವೋ ಖಾಸಗಿಯೋ? ಹೆಚ್ಚಿನ ಲೋಕಹಿತವನ್ನು ತೋರಿಸದಿದ್ದರೆ ಖಾಸಗಿಯೆಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿತು. 2017ರಲ್ಲಿ ನಮ್ಮ ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಖಾಸಗಿತನವೇ ಮೂಲಭೂತ ಹಕ್ಕೆನಿಸಿತು.