ಮಕ್ಕಳೊಂದಿಗೆ ನೋಡಬೇಕಾದ ಬೆಂಗಳೂರಿನ ವಸ್ತುಸಂಗ್ರಹಾಲಯಗಳು

ಬೇಸಿಗೆ ಅಥವಾ ದಸರಾ ರಜೆಯಲ್ಲಿ ನೆಂಟರ ಮನೆಗೆಂದು ಬೆಂಗಳೂರಿಗೆ ಬರುವ ಮಕ್ಕಳಿಗೆ ವಿಧಾನಸೌಧ, ಲಾಲ್‌ಬಾಗ್, ಕಬ್ಬನ್ ಉದ್ಯಾನಗಳನ್ನು ತೋರಿಸುವುದು ಹಿಂದಿನಿಂದಲೂ ನಡೆದುಬಂದ ವಾಡಿಕೆ. ಈಚಿನ ವರ್ಷಗಳಲ್ಲಿ ಆ ಪಟ್ಟಿಗೆ ಮಾಲ್‌ಗಳೂ ಸೇರಿಕೊಂಡಿವೆ. ಆದರೆ ವಿಮಾನದಿಂದ ಹಿಡಿದು ಕೈಗಡಿಯಾರದವರೆಗೆ ದೇಶಕ್ಕೆ ಬೇಕಾದುದನ್ನು ತಯಾರಿಸಿಕೊಟ್ಟ ಈ ನಗರದ ಪರಿಚಯ ಮಕ್ಕಳಿಗೆ ಚೆನ್ನಾಗಿ ಆಗುವುದು ಇಲ್ಲಿನ ವಸ್ತುಸಂಗ್ರಹಾಲಯಗಳಲ್ಲಿ.

ಬಹುತೇಕ ಪಾಲಕರು ಎಡವುವುದು ಒಂದೇ ದಿನದಲ್ಲಿ ನಾಲ್ಕಾರು ಕಡೆ ಸುತ್ತಿಸುವ ಧಾವಂತದಲ್ಲಿ. ಕಾಲು ಸೋತು, ಹಸಿದು ಅಳುತ್ತ ಹೊರಬಂದ ಮಗುವಿಗೆ ಮುಂದೆ ವಸ್ತುಸಂಗ್ರಹಾಲಯವೆಂಬ ಮಾತೇ ಬೇಡವಾಗುತ್ತದೆ. ಆದುದರಿಂದ ಮಗುವಿನ ವಯಸ್ಸು ಹಾಗೂ ಆಸಕ್ತಿಯನ್ನು ಗಮನಿಸಿ ದಿನಕ್ಕೆ ಒಂದೇ ಸ್ಥಳವನ್ನು ಆರಿಸಿಕೊಳ್ಳುವುದು ಲೇಸು. ಆ ಆಯ್ಕೆಗೆ ನೆರವಾಗಬಲ್ಲ ಮಾಹಿತಿ ಇಲ್ಲಿದೆ.

ಮುಟ್ಟಿ ಕಲಿಯುವ ಜಾಗ: ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ

ಸರ್ ಎಂ. ವಿಶ್ವೇಶ್ವರಯ್ಯನವರ ಗೌರವಾರ್ಥ ಕಸ್ತೂರಬಾ ರಸ್ತೆಯಲ್ಲಿ ಸ್ಥಾಪನೆಯಾದ ಕೈಗಾರಿಕಾ ಹಾಗೂ ತಾಂತ್ರಿಕ ವಸ್ತುಸಂಗ್ರಹಾಲಯದ ಮೊದಲ ವಿಭಾಗ 1965ರಲ್ಲಿ ಸಾರ್ವಜನಿಕರಿಗೆ ತೆರೆಯಿತು. 'ಮುಟ್ಟಬೇಡಿ' ಎಂಬ ಫಲಕಗಳಿಗೆ ಅಂಜುವ ಮಕ್ಕಳು ಇಲ್ಲಿ ನಿರಾಳವಾಗಿರಬಹುದು. ಗುಂಡಿ ಒತ್ತಿ, ಹಿಡಿ ತಿರುಗಿಸಿ ವಿಜ್ಞಾನದ ನಿಯಮಗಳನ್ನು ತಾವೇ ಕಂಡುಕೊಳ್ಳುವಂತೆ ಇಲ್ಲಿನ ಅನೇಕ ಮಾದರಿಗಳನ್ನು ರೂಪಿಸಲಾಗಿದೆ.

ರೈಟ್ ಸೋದರರು 1903ರಲ್ಲಿ ಹಾರಿಸಿದ ವಿಮಾನದ ಪೂರ್ಣಗಾತ್ರದ ಪ್ರತಿಕೃತಿ ಇಲ್ಲಿನ ಪ್ರಮುಖ ಆಕರ್ಷಣೆ. ಆ ವಿಮಾನದ ಮೊದಲ ಹಾರಾಟ ಕೇವಲ 12 ಸೆಕೆಂಡುಗಳದ್ದು, ಕ್ರಮಿಸಿದ ದೂರ 120 ಅಡಿ. ಇಷ್ಟನ್ನು ಹೇಳಿ, ಅಂಗಳದಲ್ಲಿ 120 ಅಡಿ ದೂರವನ್ನು ಹೆಜ್ಜೆಯಿಂದ ಅಳೆಯಲು ಹೇಳಿದರೆ ಮಗುವಿಗೆ ಆ ಸಾಹಸದ ಅಂದಾಜು ಸಿಗುತ್ತದೆ. ಚಲಿಸುವ ಡೈನೋಸಾರ್ ಕಿರಿಯರ ಮೆಚ್ಚಿನದು. ತೀರ ಚಿಕ್ಕವರು ಅದನ್ನು ಕಂಡು ಬೆದರುವುದೂ ಉಂಟು. 6 ವರ್ಷ ಮೇಲ್ಪಟ್ಟವರಿಗೆ ಸೂಕ್ತ. ಅರ್ಧ ದಿನವಾದರೂ ಬೇಕು.

ನಾಯಿಗೊಂದು ಸ್ಮಾರಕ: ಸರ್ಕಾರಿ ವಸ್ತುಸಂಗ್ರಹಾಲಯ

ಪಕ್ಕದಲ್ಲೇ ಇರುವ ಕೆಂಪು ಕಟ್ಟಡ ಸರ್ಕಾರಿ ವಸ್ತುಸಂಗ್ರಹಾಲಯದ್ದು. 1865ರಲ್ಲಿ ದಂಡು ಪ್ರದೇಶದಲ್ಲಿ ಆರಂಭವಾದ ಈ ಸಂಸ್ಥೆ 1877ರಲ್ಲಿ ಈಗಿನ ಕಟ್ಟಡಕ್ಕೆ ಬಂತು. ಶಿಲ್ಪ, ನಾಣ್ಯ, ಶಾಸನಗಳೆಂದರೆ ಮಕ್ಕಳಿಗೆ ಬೇಸರವೆಂಬ ಭಾವನೆ ಸಾಮಾನ್ಯ. ಆದರೆ ಇಲ್ಲಿನ ಸಂಗ್ರಹಕ್ಕೆ ಸೇರಿದ ಆತಕೂರು ಶಾಸನದ ಕಥೆಯನ್ನು ಕೇಳಿದ ಮಗು ಆ ಕಲ್ಲನ್ನು ನೋಡದೆ ಬಿಡುವುದಿಲ್ಲ.

ಹತ್ತನೆಯ ಶತಮಾನದ ತಕ್ಕೋಲಂ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನೆಂಬ ವೀರನಿಗೆ ಏನು ಬೇಕೆಂದು ದೊರೆಯು ಕೇಳಿದಾಗ, ಆತ ಬೇಡಿದ್ದು 'ಕಾಳಿ' ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿಯು ಕಾಡುಹಂದಿಯೊಂದಿಗೆ ಸೆಣಸಿ, ಎರಡೂ ಪ್ರಾಣಿಗಳು ಮಡಿದವು. ಮಣಲೇರ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ದತ್ತಿ ಬಿಟ್ಟ. ನಾಯಿ ಮತ್ತು ಹಂದಿಯ ಕಾಳಗದ ಚಿತ್ರ ಕಲ್ಲಿನ ಮೇಲಿದೆ. ಇದು ದೊರೆತದ್ದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ.

ಇದೇ ರಸ್ತೆಯಲ್ಲಿ 2023ರಲ್ಲಿ ಆರಂಭವಾದ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯವು ಚಿತ್ರ ಬಿಡಿಸುವ ಹವ್ಯಾಸವಿರುವ ಮಕ್ಕಳಿಗೆ ಹಿಡಿಸೀತು.

ವಿಮಾನಗಳ ಸಾಲು: ಎಚ್‌ಎಎಲ್ ಸಂಗ್ರಹಾಲಯ

ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಕಾರದೊಂದಿಗೆ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಅದೇ ಇಂದಿನ ಎಚ್‌ಎಎಲ್. ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ಸಂಸ್ಥೆಯ ವಸ್ತುಸಂಗ್ರಹಾಲಯ 2001ರಲ್ಲಿ ಆರಂಭವಾಯಿತು.

ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡು 1951ರಲ್ಲಿ ಹಾರಿದ ತರಬೇತಿ ವಿಮಾನ ಎಚ್‌ಟಿ-2, ಜರ್ಮನಿಯ ಕುರ್ಟ್ ಟ್ಯಾಂಕ್ ವಿನ್ಯಾಸಗೊಳಿಸಿ 1961ರಲ್ಲಿ ಮೊದಲ ಬಾರಿ ಹಾರಿದ ಜೆಟ್ ಯುದ್ಧವಿಮಾನ ಮಾರುತ್ ಇಲ್ಲಿ ನೋಡಸಿಗುತ್ತವೆ. ಒಳಾಂಗಣದಲ್ಲಿ ವಿಮಾನದ ಎಂಜಿನ್‌ಗಳನ್ನು ಸೀಳಿ ಒಳಭಾಗವನ್ನು ತೋರಿಸಲಾಗಿದೆ. ಬಯಲಿನಲ್ಲಿ ಓಡಾಡಲು ಜಾಗವಿರುವುದರಿಂದ ಒಂದೆಡೆ ನಿಲ್ಲದ ಮಕ್ಕಳಿಗೆ ಇದು ಅನುಕೂಲ. ಬಿಸಿಲೇರುವ ಮುನ್ನ ಹೋಗುವುದು ಒಳಿತು.

ನಾದದ ತೋಟ: ಜೆ.ಪಿ. ನಗರ

2019ರಲ್ಲಿ ಜೆ.ಪಿ. ನಗರ 7ನೇ ಹಂತದಲ್ಲಿ ಆರಂಭವಾದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಸಂಗೀತಕ್ಕೆ ಮೀಸಲಾದ ವಸ್ತುಸಂಗ್ರಹಾಲಯ. ದೇಶದ ನಾನಾ ಭಾಗಗಳ ನೂರಕ್ಕೂ ಹೆಚ್ಚು ವಾದ್ಯಗಳು ಇಲ್ಲಿವೆ. ಹೊರಗಿನ 'ಸೌಂಡ್ ಗಾರ್ಡನ್'ನಲ್ಲಿ ಕಲ್ಲು, ಲೋಹ, ಮರದ ರಚನೆಗಳನ್ನು ಬಡಿದು ನಾದ ಹೊಮ್ಮಿಸಬಹುದು. ಓದಲು ಬಾರದ ಪುಟ್ಟ ಮಕ್ಕಳೂ ಇಲ್ಲಿ ಬೇಸರಪಡುವುದಿಲ್ಲ.

ಅಜ್ಜ–ಅಜ್ಜಿಯನ್ನೂ ಕರೆದೊಯ್ಯಿರಿ: ಎಚ್‌ಎಂಟಿ

ಜಾಲಹಳ್ಳಿಯ ಹಳೆಯ ಬಂಗಲೆಯೊಂದರಲ್ಲಿ 2019ರಲ್ಲಿ ಎಚ್‌ಎಂಟಿ ಪಾರಂಪರಿಕ ಕೇಂದ್ರ ಆರಂಭವಾಯಿತು. 1953ರಲ್ಲಿ ಯಂತ್ರೋಪಕರಣ ತಯಾರಿಕೆಗೆಂದು ಸ್ಥಾಪನೆಯಾದ ಎಚ್‌ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರ ತಯಾರಿಸತೊಡಗಿತು. ಮದುವೆಯಲ್ಲಿ ಅಳಿಯನಿಗೆ, ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನಿಗೆ ಎಚ್‌ಎಂಟಿ ವಾಚು ಕೊಡುವುದು ಒಂದು ಕಾಲದ ಹೆಮ್ಮೆ. ಕೇಂದ್ರ ಸರ್ಕಾರವು ಈ ವಾಚು ಘಟಕವನ್ನು ಮುಚ್ಚಲು 2016ರಲ್ಲಿ ತೀರ್ಮಾನಿಸಿತು.

ಮೊಬೈಲ್‌ನಲ್ಲೇ ಸಮಯ ನೋಡುವ ಮಕ್ಕಳಿಗೆ ಕೀಲಿ ಕೊಟ್ಟು ನಡೆಸುವ ಗಡಿಯಾರವೇ ಒಂದು ವಿಸ್ಮಯ. ಬೆಂಗಳೂರಿನ ಅನೇಕ ಮನೆಗಳಲ್ಲಿ ಎಚ್‌ಎಂಟಿ, ಎಚ್‌ಎಎಲ್, ಬಿಇಎಲ್, ಐಟಿಐ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಹಿರಿಯರಿದ್ದಾರೆ. ಯಂತ್ರದ ಮುಂದೆ ನಿಂತು ಅಜ್ಜ ಹೇಳುವ ಮಾತು ಯಾವ ಫಲಕದಲ್ಲೂ ಬರೆದಿರುವುದಿಲ್ಲ. ಆ ತಲೆಮಾರಿಗೆ ಈಗ ವಯಸ್ಸಾಗಿದೆ. ಅವರೊಂದಿಗೆ ಹೋಗುವುದಿದ್ದರೆ ಮುಂದಿನ ರಜೆಗೆಂದು ತಳ್ಳಿಹಾಕದಿರುವುದೇ ಉತ್ತಮ.

ಹೊರಡುವ ಮುನ್ನ

* ಹಲವು ವಸ್ತುಸಂಗ್ರಹಾಲಯಗಳಿಗೆ ಸೋಮವಾರ ರಜೆ. ನವೀಕರಣದ ನಿಮಿತ್ತ ಕೆಲವು ವಿಭಾಗಗಳನ್ನು ಆಗಾಗ ಮುಚ್ಚುವುದುಂಟು. ಸಮಯ, ಪ್ರವೇಶ ಶುಲ್ಕಗಳನ್ನು ಮೊದಲೇ ವಿಚಾರಿಸಿಕೊಳ್ಳಿ.

* ಕಸ್ತೂರಬಾ ರಸ್ತೆಯಲ್ಲಿ ವಾಹನ ನಿಲುಗಡೆ ಪ್ರಯಾಸದ ಕೆಲಸ. ಮೆಟ್ರೋದ ನೇರಳೆ ಮಾರ್ಗದ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ತೆರಳಬಹುದು.

* ಶಾಲಾ ಪ್ರವಾಸದ ತಂಡಗಳು ಬರುವ ದಿನಗಳಲ್ಲಿ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ನೂಕುನುಗ್ಗಲಿರುತ್ತದೆ. ಬಾಗಿಲು ತೆರೆಯುವ ವೇಳೆಗೆ ತಲುಪಿದರೆ ಮಕ್ಕಳಿಗೆ ಸರದಿ ಬೇಗ ಸಿಗುತ್ತದೆ.

* ಪ್ರತಿಯೊಂದು ಫಲಕವನ್ನೂ ಓದಿಸುವ ಹಟ ಬೇಡ. ಮಗು ಒಂದೇ ವಸ್ತುವಿನ ಮುಂದೆ ಅರ್ಧ ಗಂಟೆ ನಿಂತರೂ ಆ ದಿನದ ಭೇಟಿ ಸಾರ್ಥಕ.