ಹಂಚಿಕೆಯ ಡ್ರೈವ್ ಸಂಪರ್ಕ ದೋಷಗಳು

ಹಂಚಿಕೆಯ ಡ್ರೈವ್ ಎಂದರೆ ಜಾಲದಲ್ಲಿರುವ ಒಂದು ಗಣಕಯಂತ್ರದ ಫೋಲ್ಡರನ್ನು ಇತರ ಗಣಕಗಳೂ ತಮ್ಮದೇ ಡ್ರೈವ್‌ನಂತೆ ಬಳಸುವ ವ್ಯವಸ್ಥೆ. ವಿಂಡೋಸ್ ಗಣಕಗಳಲ್ಲಿ ಇದು ಮುಖ್ಯವಾಗಿ ಎಸ್‌ಎಂಬಿ ಎಂಬ ಪ್ರೋಟೊಕಾಲ್ ಮೂಲಕ ನಡೆಯುತ್ತದೆ. ಡ್ರೈವ್ ತೆರೆಯದಿದ್ದಾಗ ದೋಷವು ಸಾಮಾನ್ಯವಾಗಿ ಜಾಲಸಂಪರ್ಕ, ಗಣಕದ ಹೆಸರು, ಎಸ್‌ಎಂಬಿ ಸೇವೆ ಮತ್ತು ಅನುಮತಿ ಎಂಬ ನಾಲ್ಕು ಹಂತಗಳಲ್ಲಿ ಒಂದರಲ್ಲಿರುತ್ತದೆ.

ಹಿನ್ನೆಲೆ

ಎಸ್‌ಎಂಬಿಯನ್ನು 1980ರ ದಶಕದಲ್ಲಿ ಐಬಿಎಂ ಸಂಸ್ಥೆಯ ಬ್ಯಾರಿ ಫೈಗನ್‌ಬಾಮ್ ರೂಪಿಸಿದರು. ಮುಂದೆ ಮೈಕ್ರೋಸಾಫ್ಟ್ ಅದನ್ನು ವಿಸ್ತರಿಸಿತು. ಲಿನಕ್ಸ್ ಮೊದಲಾದ ವ್ಯವಸ್ಥೆಗಳಲ್ಲಿ ಬಳಕೆಯಾಗುವ ಸಾಂಬಾ ತಂತ್ರಾಂಶವನ್ನು ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ 1992ರಲ್ಲಿ ಆರಂಭಿಸಿದರು.

ಪರಿಶೀಲನೆಯ ಕ್ರಮ

ಪ್ರತಿಯೊಂದು ಹಂತವೂ ಅದರ ಹಿಂದಿನ ಹಂತವನ್ನು ಅವಲಂಬಿಸಿರುವುದರಿಂದ ಕೆಳಗಿನ ಕ್ರಮದಲ್ಲಿ ಪರೀಕ್ಷಿಸುವುದು ಸೂಕ್ತ.

1. ಜಾಲಸಂಪರ್ಕ: ಗಣಕದ ಐಪಿ ವಿಳಾಸವು 169.254 ಎಂದು ಆರಂಭವಾಗಿದ್ದರೆ ಅದಕ್ಕೆ ರೌಟರ್‌ನಿಂದ ವಿಳಾಸ ದೊರೆತಿಲ್ಲವೆಂದು ತಿಳಿಯಬಹುದು. ಆಗ ಕೇಬಲ್ ಅಥವಾ ವೈಫೈ ಸಂಪರ್ಕವನ್ನು ನೋಡಬೇಕು.

2. ಹೆಸರು: ಹೆಸರಿನಿಂದ ತೆರೆಯದ ಡ್ರೈವ್ ಐಪಿ ವಿಳಾಸದಿಂದ ತೆರೆದರೆ, ಹೆಸರನ್ನು ವಿಳಾಸವಾಗಿ ಪರಿವರ್ತಿಸುವ ವ್ಯವಸ್ಥೆಯಲ್ಲಿ ದೋಷವಿದೆ.

3. ಸೇವೆ: ಎಸ್‌ಎಂಬಿಯು 445ನೆಯ ಪೋರ್ಟ್ ಬಳಸುತ್ತದೆ. ಫೋಲ್ಡರ್ ಹಂಚಿರುವ ಗಣಕದಲ್ಲಿ ಜಾಲವು 'ಸಾರ್ವಜನಿಕ' ಎಂದು ಗುರುತಾಗಿದ್ದರೆ ಫೈರ್‌ವಾಲ್ ಈ ಪೋರ್ಟನ್ನು ತಡೆಯಬಹುದು. ವಿಶ್ವಾಸಾರ್ಹ ಜಾಲವಾದರೆ ಅದನ್ನು 'ಖಾಸಗಿ' ಎಂದು ಬದಲಿಸಿದರೆ ಸಾಕು, ಫೈರ್‌ವಾಲನ್ನೇ ನಿಲ್ಲಿಸಬೇಕಾಗಿಲ್ಲ. ಪಿಂಗ್ ಆದೇಶಕ್ಕೆ ಉತ್ತರ ಬಾರದ ಮಾತ್ರಕ್ಕೆ ಗಣಕವು ಜಾಲದಲ್ಲಿಲ್ಲವೆಂದು ತೀರ್ಮಾನಿಸಲಾಗದು, ಏಕೆಂದರೆ ಫೈರ್‌ವಾಲ್ ಪಿಂಗನ್ನೂ ತಡೆಯಬಲ್ಲದು.

4. ಅನುಮತಿ: ಫೋಲ್ಡರಿಗೆ ಹಂಚಿಕೆಯ ಅನುಮತಿ ಮತ್ತು ಕಡತ ವ್ಯವಸ್ಥೆಯ ಅನುಮತಿ ಎಂದು ಎರಡು ಬಗೆಗಳಿವೆ. ಎರಡರಲ್ಲಿ ಹೆಚ್ಚು ಕಟ್ಟುನಿಟ್ಟಾದುದೇ ಅನ್ವಯವಾಗುತ್ತದೆ. ಗಣಕವನ್ನು ತೆರೆಯಲು ಬಳಸುವ ಪಿನ್ ಇಲ್ಲಿ ನಡೆಯುವುದಿಲ್ಲ. ಖಾತೆಯ ಪಾಸ್‌ವರ್ಡ್ ಬೇಕು.

ಸಾಮಾನ್ಯ ದೋಷ ಸಂಖ್ಯೆಗಳು

* 53: ಜಾಲದ ಮಾರ್ಗ ಕಂಡುಬಂದಿಲ್ಲ. ಮೊದಲ ಮೂರು ಹಂತಗಳನ್ನು ಪರಿಶೀಲಿಸಬೇಕು.
* 67: ಜಾಲದ ಹೆಸರು ಸಿಕ್ಕಿಲ್ಲ. ಹಂಚಿಕೆಯ ಹೆಸರು ತಪ್ಪಾಗಿರಬಹುದು.
* 5: ಪ್ರವೇಶ ನಿರಾಕರಿಸಲಾಗಿದೆ. ಅನುಮತಿಯನ್ನು ನೋಡಬೇಕು.
* 1219: ಒಂದೇ ಸರ್ವರ್‌ಗೆ ಬೇರೆ ಬಳಕೆದಾರರ ಹೆಸರಿನಲ್ಲಿ ಈಗಾಗಲೇ ಸಂಪರ್ಕವಿದೆ. ಹಳೆಯ ಸಂಪರ್ಕವನ್ನು ಕಡಿದು ಮತ್ತೆ ಪ್ರಯತ್ನಿಸಬೇಕು.

ಸುರಕ್ಷತೆ

ಎಸ್‌ಎಂಬಿ 1 ಆವೃತ್ತಿಯನ್ನಷ್ಟೇ ಬಲ್ಲ ಹಳೆಯ ಸಂಗ್ರಹ ಸಾಧನಗಳು ಮತ್ತು ಸ್ಕ್ಯಾನರ್‌ಗಳು ಹೊಸ ಗಣಕಗಳೊಡನೆ ಸಂಪರ್ಕ ಸಾಧಿಸುವುದಿಲ್ಲ. ಆ ಆವೃತ್ತಿಯನ್ನು ಮತ್ತೆ ಚಾಲನೆಗೊಳಿಸುವುದು ಸುಲಭವಾದರೂ ಅಪಾಯಕರ. 2017ರ ಮೇ 12ರಂದು ಹರಡಲಾರಂಭಿಸಿದ ವಾನಾಕ್ರೈ ಎಂಬ ಕುತಂತ್ರಾಂಶವು ಇದೇ ಆವೃತ್ತಿಯ ದೌರ್ಬಲ್ಯವನ್ನು ಬಳಸಿಕೊಂಡು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ಆಸ್ಪತ್ರೆಗಳ ಕೆಲಸವನ್ನೂ ಅಸ್ತವ್ಯಸ್ತಗೊಳಿಸಿತು. ಅದನ್ನು ಸರಿಪಡಿಸುವ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚ್‌ನಲ್ಲಿಯೇ ಬಿಡುಗಡೆ ಮಾಡಿತ್ತು. ಅದನ್ನು ಅಳವಡಿಸಿಕೊಳ್ಳದ ಗಣಕಗಳು ದಾಳಿಗೆ ತುತ್ತಾದವು. ಆದ್ದರಿಂದ ಹಳೆಯ ಸಾಧನದ ತಂತ್ರಾಂಶವನ್ನು ಪರಿಷ್ಕರಿಸುವುದು, ಅದು ಸಾಧ್ಯವಾಗದಿದ್ದರೆ ಸಾಧನವನ್ನೇ ಬದಲಿಸುವುದು ಸುರಕ್ಷಿತ ಮಾರ್ಗವಾಗಿದೆ.